ಪಚ್ಚಿಲೆ, ಉಪ್ಪುನೀರು ಮತ್ತು ಚಿಕ್ಕಿಯ ಪ್ರಶ್ನೆ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ನಿದ್ದೆ, ಇಷ್ಟರಲ್ಲೇ ತಿಂಗಳುಗಳು ಕಳೆದುಹೋದವು. ಈಗ ಬರೆಯೋಕೆ ಕೂತಿದ್ದಕ್ಕೆ ಕಾರಣ ಊರಿನಿಂದ ಬಂದ ಒಂದು ಫೋನು.

ದಸರಾ ರಜೆ ಮುಗಿಸಿಕೊಂಡು ಬಂದ ಮೇಲಿನ ಭಾನುವಾರ. ಹಿಂದಿನ ರಾತ್ರಿ ಜೋರು ಮಳೆ ಬಿದ್ದಿತ್ತು. ದೀಪಾಂಜಲಿ ನಗರದಲ್ಲಿ ಇರುವವರಿಗೆ ಗೊತ್ತು, ಮಳೆ ಬಂದ ಮಾರನೇ ದಿನ ಮೈಸೂರು ರಸ್ತೆ ಕಡೆಯ ಕಿಟಕಿ ತೆಗೆಯೋ ಹಾಗಿಲ್ಲ. ವೃಷಭಾವತಿ ಕಲಕಿ ನೊರೆ ಎದ್ದಿರುತ್ತದೆ, ವಾಸನೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲವರೆಗೂ ಬರುತ್ತದೆ. ನಾನು ಕಿಟಕಿ ಮುಚ್ಚಿ ಟೀ ಇಡ್ತಾ ಇದ್ದೆ. ಸಾಸ್ತಾನದ ಹತ್ತಿರದಿಂದ ಚಿಕ್ಕಿಯ ಫೋನು. ಕುಂದಾಪುರದ ಕಡೆ ನಾವು ಚಿಕ್ಕಮ್ಮನಿಗೆ ಚಿಕ್ಕಿ ಅಂತೀವಿ.

"ಮಗಾ, ನೀನ್ ಇಂಜಿನಿಯರ್ ಅಲ್ದಾ, ಹೇಳ್. ಈ ಸಲ ಹಗ್ಗ ಕಟ್ಕಾ, ಬ್ಯಾಡ್ದಾ?"

ಜಾವಾ ಕೋಡ್ ಬರೆಯೋ ಇಂಜಿನಿಯರಿಗೂ ಹೊಳೆಯಲ್ಲಿ ಕಟ್ಟುವ ಹಗ್ಗಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಊರಲ್ಲಿ ಇಂಜಿನಿಯರ್ ಅಂದ್ರೆ ಪಂಪ್‌ಸೆಟ್ಟಿನಿಂದ ಟಿವಿ ರಿಮೋಟಿನವರೆಗೆ ಎಲ್ಲದಕ್ಕೂ ಹೊಣೆ :)

ಚಿಕ್ಕಿ ಕೇಳಿದ್ದು ಪಚ್ಚಿಲೆ ಹಗ್ಗದ ವಿಷಯ. ಘಟ್ಟದ ಮೇಲಿನ ಸ್ನೇಹಿತರಿಗೆ ಸ್ವಲ್ಪ ವಿವರ ಕೊಡಬೇಕು. ಸಮುದ್ರದ ಬಂಡೆಗಳಿಗೆ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬೆಳೆಯುವ, ಬೆರಳುದ್ದದ, ಹಸಿರು ಅಂಚಿನ ಎರಡು ಚಿಪ್ಪಿನ ಪ್ರಾಣಿಯೇ ಪಚ್ಚಿಲೆ. ನೀಲಿಕಲ್ಲು ಅಂತಲೂ ಅಂತಾರೆ. ಮಲಯಾಳದಲ್ಲಿ ಕಲ್ಲುಮ್ಮಕ್ಕಾಯಿ. ಮರಳಲ್ಲಿ ಹೂತುಕೊಂಡಿರೋ ಮರುವಾಯಿ ಬೇರೆ, ಇದು ಬೇರೆ. ನೈಲಾನ್ ಹಗ್ಗಕ್ಕೆ ಇದರ ಮರಿ ಕಟ್ಟಿ ಅಳಿವೆಯಲ್ಲಿ ಇಳಿಬಿಟ್ಟು ಬೆಳೆಸುವುದೇ ಪಚ್ಚಿಲೆ ಕೃಷಿ. ಚಿಕ್ಕಿಯ ಸ್ವಸಹಾಯ ಗುಂಪಿನ ಹೆಂಗಸರು ಸಾಲ ಮಾಡಿ ಇದಕ್ಕೆ ಇಳಿದಿದ್ದರು. 2021ರ ಬೇಸಿಗೆಯ ಬೆಳೆ ಚೆನ್ನಾಗಿಯೇ ಬಂದಿತ್ತು. ಅಷ್ಟರಲ್ಲಿ ಏಪ್ರಿಲ್ 27ರಿಂದ ಕರ್ಫ್ಯೂ, ಮೇ 10ರಿಂದ ಲಾಕ್‌ಡೌನ್. ಕೊಳ್ಳುವವರು ಬರಲಿಲ್ಲ. ನೀರಲ್ಲೇ ಇದ್ದರೆ ಇನ್ನೂ ಬೆಳೆಯುತ್ತಲ್ಲ, ಹಾಳಾಗೋ ಮಾಲಲ್ಲ ಅಂತ ಹಗ್ಗಗಳನ್ನು ಹಾಗೇ ಬಿಟ್ಟರು. ಮೇ 15ಕ್ಕೆ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಎರಡು ದಿನ ಬಿಡದೆ ಮಳೆ. ವಾರ ಬಿಟ್ಟು ಹಗ್ಗ ಎತ್ತಿದರೆ ಮೇಲಿನ ಅರ್ಧದಲ್ಲಿ ಬಾಯಿ ತೆರೆದು ಸತ್ತ ಚಿಪ್ಪುಗಳು. ಕೆಳಗಿನ ಒಂದೆರಡು ಮೊಳದಲ್ಲಿ ಮಾತ್ರ ಜೀವ ಇತ್ತು. ಸಂಘದ ಸಾಲ ತೀರಿಸೋಕೆ ಅವರಿಗೆ ಎರಡು ವರ್ಷ ಹಿಡಿಯಿತು.

ಆಮೇಲೆ ಬಿಟ್ಟೇಬಿಟ್ಟಿದ್ದರು. ಈಗ ಗುಂಪಿನಲ್ಲಿ ಕೆಲವರು ಮತ್ತೆ ಮಾಡೋಣ ಅಂತಿದ್ದಾರೆ, ಕೆಲವರು ಬೇಡವೇ ಬೇಡ ಅಂತಿದ್ದಾರೆ. ಫೋನು ಬಂದಿದ್ದು ಅದಕ್ಕೇ.

ಒಂದು ವಾರ ಟೈಮ್ ಕೊಡಿ ಅಂದೆ. ರಾತ್ರಿ ಕೂತು ಓದಿದೆ. ಮೇಲಿನ ಅರ್ಧ ಯಾಕೆ ಸತ್ತಿತು, ಕೆಳಗಿನದು ಯಾಕೆ ಉಳಿಯಿತು ಅನ್ನೋ ಒಂದು ಪ್ರಶ್ನೆ ಹಿಡಿದು ಹೊರಟವನು ಫ್ರಾನ್ಸಿನ ತನಕ ಹೋಗಿಬಂದೆ. ಅದನ್ನೇ ಇಲ್ಲಿ ಹಂಚಿಕೊಳ್ತಿದ್ದೇನೆ.

ಪಚ್ಚಿಲೆ ಸಾಕಣೆಯ ಕಥೆ ಎಲ್ಲಿ ಓದಿದರೂ ಶುರುವಾಗೋದು 1235ರಿಂದ. ಪ್ಯಾಟ್ರಿಕ್ ವಾಲ್ಟನ್ ಅನ್ನುವ ಐರಿಶ್ ಮನುಷ್ಯನ ಹಡಗು ಫ್ರಾನ್ಸಿನ ಎಗ್ವಿಯೋಂ ಕೊಲ್ಲಿಯ ಹತ್ತಿರ ಒಡೆಯಿತಂತೆ. ಬದುಕುಳಿದವನು ಹಕ್ಕಿ ಹಿಡಿಯೋಕೆ ಕೆಸರಲ್ಲಿ ಗೂಟ ನೆಟ್ಟು ಬಲೆ ಕಟ್ಟಿದ. ಹಕ್ಕಿಗಿಂತ ಜಾಸ್ತಿ ಗೂಟದ ತುಂಬಾ ಚಿಪ್ಪುಗಳು ಹತ್ತಿಕೊಂಡವಂತೆ. ಇದು ದಂತಕಥೆ. ಆದರೆ ಗೂಟಕ್ಕೆ ಮರಿ ಹತ್ತಿಸಿ ಬೆಳೆಸುವ ಪದ್ಧತಿ ಆ ಕರಾವಳಿಯಲ್ಲಿ ಈಗಲೂ ಇದೆ. ನನಗೆ ಇಷ್ಟವಾಗಿದ್ದು ಅವನ ಪೆದ್ದುತನದ ಅದೃಷ್ಟವಲ್ಲ. ನೀರು ಸರಿಯಿದ್ದರೆ ಗೂಟ ಸಾಕು, ಬೆಳೆಸುವವನು ಏನೂ ಮಾಡಬೇಕಾಗಿಲ್ಲ ಅನ್ನೋದು ಆ ಕಥೆಯಲ್ಲೇ ಇದೆ.

ಯಾಕಂದ್ರೆ ಪಚ್ಚಿಲೆಗೆ ಯಾರೂ ಮೇವು ಹಾಕುವುದಿಲ್ಲ. ಕೋಳಿ, ಸಿಗಡಿ ಥರ ಅಲ್ಲ. ಅದು ಕೂತಲ್ಲೇ ಕೂತು ಗಂಟೆಗೆ ಲೀಟರುಗಟ್ಟಲೆ ನೀರನ್ನು ಒಳಗೆ ಎಳೆದು, ಅದರಲ್ಲಿರೋ ಕಣ್ಣಿಗೆ ಕಾಣದ ಪಾಚಿಯನ್ನು ಸೋಸಿಕೊಂಡು, ಉಳಿದ ನೀರನ್ನು ಹೊರಗೆ ಬಿಡುತ್ತದೆ. ಅಂದರೆ ಹೊಲ, ಗೊಬ್ಬರ, ಮೇವು ಎಲ್ಲಾ ನೀರೇ. ನೀರಲ್ಲಿ ವಿಷ ಇದ್ದರೆ ಅದೂ ಒಳಗೇ ಹೋಗುತ್ತದೆ. 1975ರಲ್ಲಿ ಎಡ್ವರ್ಡ್ ಗೋಲ್ಡ್‌ಬರ್ಗ್ ಅನ್ನುವ ಅಮೆರಿಕದ ವಿಜ್ಞಾನಿ ಇದನ್ನೇ ಉಪಯೋಗಿಸಿಕೊಂಡು 'ಮಸೆಲ್ ವಾಚ್' ಎಂಬ ಯೋಜನೆ ಮುಂದಿಟ್ಟ. ಸಮುದ್ರದ ನೀರನ್ನು ಬಾಟಲಿಗಟ್ಟಲೆ ಪರೀಕ್ಷೆ ಮಾಡುವ ಬದಲು ಅಲ್ಲಿಯ ಚಿಪ್ಪುಗಳನ್ನು ಪರೀಕ್ಷೆ ಮಾಡಿ, ಕರಾವಳಿಯಲ್ಲಿ ಯಾವ ಲೋಹ, ಯಾವ ಕೀಟನಾಶಕ ಸೇರಿದೆ ಅಂತ ಗೊತ್ತಾಗುತ್ತೆ ಅಂದ. ವೃಷಭಾವತಿ ಪಕ್ಕ ಕೂತು ಇದನ್ನು ಓದುವಾಗ ಒಂಥರಾ ಆಯಿತು. ನಮ್ಮ ಏರಿಯಾದ ನೀರು ಅರ್ಕಾವತಿ ಸೇರಿ, ಕಾವೇರಿ ಸೇರಿ ಪೂರ್ವಕ್ಕೆ ಹೋಗುತ್ತದೆ. ಚಿಕ್ಕಿಯ ಹೊಳೆಗೆ ಬರೋದಿಲ್ಲ. ಅಷ್ಟರಮಟ್ಟಿಗೆ ಸಮಾಧಾನ.

ಸರಿ, ಭಾರತಕ್ಕೆ ಬರೋಣ. ಪಚ್ಚಿಲೆ ತಿನ್ನೋದು ನಮ್ಮ ಕರಾವಳಿಗೆ ಹೊಸದಲ್ಲ. ಇಳಿತದ ಹೊತ್ತಿಗೆ ಬಂಡೆಗೆ ಹೋಗಿ ಕೆತ್ತಿ ತರುವುದು ಕಾರವಾರದಿಂದ ಕಲ್ಲಿಕೋಟೆಯವರೆಗೆ ಹಳೇ ಕೆಲಸ. ಸಾಕಣೆ ಮಾತ್ರ ಹೊಸದು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, 1971ರಲ್ಲಿ ಕೇರಳದ ತುದಿಯ ವಿಳಿಂಜಮ್‌ನಲ್ಲಿ ಕಂದು ಪಚ್ಚಿಲೆಯ ಪ್ರಯೋಗ ಶುರುಮಾಡಿತು. ಆಮೇಲೆ ಕಲ್ಲಿಕೋಟೆಯಲ್ಲಿ ಹಸಿರು ಪಚ್ಚಿಲೆ. ಗೋವಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ತೆಪ್ಪ ಕಟ್ಟಿ ಹಗ್ಗ ಇಳಿಬಿಟ್ಟು ಪ್ರಯೋಗ ಮಾಡಿ 1977ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರ ಮುಖ್ಯಸ್ಥರು ಎಸ್. ಝಡ್. ಖಾಸಿಂ. ಮುಂದೆ 1981ರಲ್ಲಿ ಅಂಟಾರ್ಕ್ಟಿಕಾಕ್ಕೆ ಭಾರತದ ಮೊದಲ ತಂಡವನ್ನು ಕರೆದುಕೊಂಡು ಹೋದವರು ಇವರೇ. ಒಂದು ಹೆಕ್ಟೇರಿಗೆ ವರ್ಷಕ್ಕೆ 480 ಟನ್ ಬೆಳೆಯಬಹುದು ಅಂತ ಅವರ ಲೆಕ್ಕ. ಒಂದು ಹೆಕ್ಟೇರಿನಲ್ಲಿ 480 ಟನ್! ಭತ್ತ ಬೆಳೆಯುವವರು ಕೇಳಿದರೆ ತಲೆ ತಿರುಗಬೇಕು.

ಹಾಗಾದರೆ ಎಪ್ಪತ್ತರ ದಶಕದಲ್ಲೇ ನಮ್ಮ ಕರಾವಳಿ ತುಂಬಾ ಪಚ್ಚಿಲೆ ತೆಪ್ಪಗಳು ಯಾಕೆ ಬರಲಿಲ್ಲ? ನನಗೆ ಈ ಇಡೀ ಓದಿನಲ್ಲಿ ಸಿಕ್ಕ ಒಳ್ಳೆಯ ಪ್ರಶ್ನೆ ಇದು.

ಸ್ಪೇನಿನ ಗಲೀಸಿಯಾದಲ್ಲಿ 1940ರ ದಶಕದ ಮಧ್ಯದಲ್ಲಿ ತೆಪ್ಪದ ಸಾಕಣೆ ಶುರುವಾಯಿತು. ಇವತ್ತು ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ತೆಪ್ಪಗಳು, ವರ್ಷಕ್ಕೆ ಎರಡು ಲಕ್ಷ ಟನ್ನಿನ ಆಸುಪಾಸು ಬೆಳೆ. ಅಲ್ಲಿ ಗಾಳಿ ಬೀಸಿದಾಗ ಸಮುದ್ರದ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ. ಅದರಿಂದ ಪಾಚಿ, ಪಾಚಿಯಿಂದ ಪಚ್ಚಿಲೆ. ಸಮುದ್ರ ನೆಲದೊಳಗೆ ಚಾಚಿಕೊಂಡಿರುವ ಉದ್ದನೆಯ ಕೊಲ್ಲಿಗಳಿರೋದರಿಂದ ತೆಪ್ಪಗಳಿಗೆ ಅಲೆಯ ಹೊಡೆತ ಇಲ್ಲ. ಊಟವೂ ಇದೆ, ರಕ್ಷಣೆಯೂ ಇದೆ.

ನಮ್ಮಲ್ಲೂ ಆಳದ ನೀರು ಮೇಲೆ ಬರುತ್ತದೆ. ಅರಬ್ಬಿ ಸಮುದ್ರದ ಪೂರ್ವ ದಂಡೆ ಅದಕ್ಕೇ ಮೀನಿಗೆ ಪ್ರಸಿದ್ಧ. ಆದರೆ ಅದು ಆಗೋದು ಯಾವಾಗ? ಮಳೆಗಾಲದಲ್ಲಿ! ಜೂನಿನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದಲ್ಲಿ ಊಟ ತುಂಬಿ ತುಳುಕುವ ಹೊತ್ತಿಗೆ, ಅಲೆಗಳ ರಭಸಕ್ಕೆ ದೋಣಿಗಳೇ ದಡದಲ್ಲಿರುತ್ತವೆ. ತೆಪ್ಪ ನಿಲ್ಲುತ್ತದಾ? ಕಲ್ಲಿಕೋಟೆಯ ತೆರೆದ ಸಮುದ್ರದಲ್ಲಿ ಪಚ್ಚಿಲೆ ತಿಂಗಳಿಗೆ ಒಂದು ಸೆಂಟಿಮೀಟರಿಗೂ ಹೆಚ್ಚು ಬೆಳೆಯಿತು. ಗಲೀಸಿಯಾದಲ್ಲಿ ಮಾರಾಟದ ಗಾತ್ರಕ್ಕೆ ಬರೋಕೆ ವರ್ಷದ ಮೇಲೆ ಬೇಕು, ಇಲ್ಲಿಯ ಬಿಸಿ ನೀರಲ್ಲಿ ಐದಾರು ತಿಂಗಳು ಸಾಕು. ಬೆಳವಣಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಆದರೆ ಒಬ್ಬ ಸಾಮಾನ್ಯ ಮೀನುಗಾರ ಇಷ್ಟು ದುಡ್ಡು ಹಾಕಿ ತೆರೆದ ಸಮುದ್ರದಲ್ಲಿ ತೆಪ್ಪ ಕಟ್ಟಿ ಅಲೆಗೆ ಬಿಡಬೇಕು. ಯಾರು ಬಿಡ್ತಾರೆ? ಹೀಗಾಗಿ ಇಪ್ಪತ್ತು ವರ್ಷ ಅದು ವರದಿಗಳಲ್ಲೇ ಉಳಿಯಿತು.

ಹಾಗಿದ್ದರೆ ಅಲೆ ಇಲ್ಲದ ಜಾಗಕ್ಕೆ ಹೋಗೋಣ. ಹಿನ್ನೀರು, ಅಳಿವೆ. 1996-97ರಲ್ಲಿ ಸಿಎಂಎಫ್‌ಆರ್‌ಐ ಮಾಡಿದ್ದು ಇದನ್ನೇ. ಜಾಗ ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯ ಪಡನ್ನ, ಚೆರುವತ್ತೂರು. 1956ರ ನವೆಂಬರ್ 1ರವರೆಗೆ ಈ ಊರುಗಳೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅನ್ನೋದು ಎಷ್ಟು ಜನರಿಗೆ ಗೊತ್ತೋ. ಅಲ್ಲಿ ಕವ್ವಾಯಿ ಹಿನ್ನೀರಿದೆ. ಸಮುದ್ರಕ್ಕೂ ಹಿನ್ನೀರಿಗೂ ನಡುವೆ ವಲಿಯಪರಂಬ ಎಂಬ ಉದ್ದನೆಯ ಮರಳಿನ ಪಟ್ಟಿ. ಅಲೆ ಒಳಗೆ ಬರೋದಿಲ್ಲ, ಆದರೆ ಉಬ್ಬರದ ಉಪ್ಪುನೀರು ಬರುತ್ತದೆ. ತೆಪ್ಪವೂ ಬೇಡ. ಆಳ ಕಡಿಮೆ ಇರೋದರಿಂದ ಬಿದಿರು ಗಳ ನೆಟ್ಟು, ಅಡ್ಡ ಕಟ್ಟಿ, ಹಗ್ಗ ನೇತುಹಾಕಿದರೆ ಆಯಿತು. ಮರಿಗಳನ್ನು ಹಗ್ಗದ ಸುತ್ತ ಜೋಡಿಸಿ ಹಳೇ ಸೊಳ್ಳೆಪರದೆಯಂಥ ಹತ್ತಿ ಬಟ್ಟೆ ಸುತ್ತುತ್ತಾರೆ. ಮೂರ್ನಾಲ್ಕು ದಿನದಲ್ಲಿ ಬಟ್ಟೆ ಕೊಳೆತು ಬಿದ್ದುಹೋಗುತ್ತದೆ. ಅಷ್ಟರೊಳಗೆ ಮರಿಗಳು ನಾರಿನಂಥ ಎಳೆ ಬಿಟ್ಟು ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಎಷ್ಟು ಸರಳ ನೋಡಿ! ಇಡೀ ಟೆಕ್ನಾಲಜಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಕೊಳೆಯುವ ಬಟ್ಟೆ.

ಮೊದಲು ಇದಕ್ಕೆ ಕೈಹಾಕಿದವರಲ್ಲಿ ಮಹಿಳಾ ಗುಂಪುಗಳೇ ಮುಖ್ಯ. ಕೆಲವೇ ಟನ್ನಿನಿಂದ ಶುರುವಾಗಿದ್ದು ಹತ್ತು ವರ್ಷದಲ್ಲಿ ಸಾವಿರಾರು ಟನ್ನಿಗೆ ಏರಿತು. ಪಡನ್ನದ ಹೆಸರು ದೇಶಕ್ಕೆಲ್ಲಾ ಗೊತ್ತಾಯಿತು.

ಆದರೆ ಅಲೆಯಿಂದ ತಪ್ಪಿಸಿಕೊಂಡು ಒಳಗೆ ಬಂದವರು ಸಿಕ್ಕಿಹಾಕಿಕೊಂಡಿದ್ದು ಸಿಹಿನೀರಿಗೆ. ಕಥೆಯ ತಿರುವು ಇದೇ. ಪಚ್ಚಿಲೆಗೆ ಚೆನ್ನಾಗಿ ಹಿಡಿಸೋದು ಲೀಟರಿಗೆ 27ರಿಂದ 35 ಗ್ರಾಂ ಉಪ್ಪಿರುವ ನೀರು. 35 ಅಂದರೆ ಪೂರ್ತಿ ಸಮುದ್ರದ ನೀರು. ಉಷ್ಣತೆ 26ರಿಂದ 32 ಡಿಗ್ರಿ, ಅದು ನಮ್ಮಲ್ಲಿ ವರ್ಷವಿಡೀ ಇದ್ದೇ ಇದೆ. ನೀರಿಗೆ ಮಿತವಾದ ಓಟ ಬೇಕು. ನಿಂತ ನೀರಾದರೆ ಊಟ ಬರೋದಿಲ್ಲ, ತೀರಾ ರಭಸವಾದರೆ ಎಳೆ ಹರಿದು ಉದುರುತ್ತದೆ. ಕೆಸರು ಜಾಸ್ತಿ ಆದರೆ ಸೋಸೋದರಲ್ಲೇ ಶಕ್ತಿ ಖರ್ಚಾಗುತ್ತದೆ. ಇವೆಲ್ಲಾ ಜಾಗ ನೋಡಿ ಆರಿಸಿಕೊಳ್ಳಬಹುದಾದ ವಿಷಯ. ಉಪ್ಪು ಮಾತ್ರ ನಮ್ಮ ಕೈಯಲ್ಲಿಲ್ಲ, ಅದು ಮಳೆಯ ಕೈಯಲ್ಲಿ. ಪಡನ್ನದ ಹಿನ್ನೀರಿಗೆ ಸೇರುವ ಕಾರ್ಯಂಗೋಡು ಹೊಳೆ ಹುಟ್ಟೋದು ಕೊಡಗಿನ ಬೆಟ್ಟಗಳಲ್ಲಿ. ಕೊಡಗಿನಲ್ಲಿ ಮಳೆ ಸುರಿದರೆ ಪಡನ್ನದ ಪಚ್ಚಿಲೆ ಬಾಯಿ ಮುಚ್ಚುತ್ತದೆ.

ಬಾಯಿ ಮುಚ್ಚೋದು ಅಂದರೆ ಅಕ್ಷರಶಃ. ನೀರು ಸಪ್ಪೆಯಾದರೆ ಪಚ್ಚಿಲೆ ಎರಡೂ ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತದೆ. ಊಟ ಇಲ್ಲ, ಹೊಸ ಆಮ್ಲಜನಕ ಇಲ್ಲ. ಮೈಯಲ್ಲಿ ಕೂಡಿಟ್ಟಿದ್ದನ್ನೇ ಕರಗಿಸಿಕೊಂಡು ಕೆಲವು ದಿನ ತಡೆಯುತ್ತದೆ. ಅಷ್ಟರಲ್ಲಿ ಉಪ್ಪು ಮರಳಿ ಬಂದರೆ ಬದುಕಿತು, ಮಾಂಸ ಮಾತ್ರ ಸೊರಗಿರುತ್ತದೆ. ಬರದಿದ್ದರೆ ಇಲ್ಲ. ಕಾಡಿನ ಬಂಡೆಯ ಮೇಲಿನ ಪಚ್ಚಿಲೆಗೆ ಈ ಕಷ್ಟ ಕಡಿಮೆ, ಅದರ ಪಕ್ಕದಲ್ಲೇ ಇಡೀ ಸಮುದ್ರ ಇದೆ. ಇಲ್ಲಿ ಕಾಡು ಅಂದಿದ್ದು ಯಾರೂ ಸಾಕದ್ದು ಅನ್ನೋ ಅರ್ಥದಲ್ಲಿ.

ಇನ್ನು ಚಿಕ್ಕಿಯ ಹಗ್ಗದ ಮೇಲಿನ ಅರ್ಧ. ಸಿಹಿನೀರು ಹಗುರ, ಉಪ್ಪುನೀರು ಭಾರ. ಮಳೆನೀರು ಹೊಳೆಯಲ್ಲಿ ಇಳಿದು ಬಂದಾಗ ಎರಡೂ ತಕ್ಷಣ ಬೆರೆಯೋದಿಲ್ಲ. ಸಿಹಿ ಮೇಲೆ ಹಾಸಿಕೊಳ್ಳುತ್ತದೆ, ಉಪ್ಪು ಅಡಿಯಲ್ಲಿ ಸಮುದ್ರದ ಕಡೆಯಿಂದ ಬೆಣೆಯ ಹಾಗೆ ತೂರಿಕೊಂಡಿರುತ್ತದೆ. ಒಂದೇ ಹಗ್ಗದ ಮೇಲಿನ ಪಚ್ಚಿಲೆ ಹೊಳೆಯಲ್ಲಿತ್ತು, ಕೆಳಗಿನದು ಸಮುದ್ರದಲ್ಲಿತ್ತು! ಇದನ್ನು ಓದಿದ ರಾತ್ರಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ ದಿನ ಯಾರಾದರೂ ಹಗ್ಗಗಳನ್ನು ಇನ್ನೆರಡು ಮೊಳ ಕೆಳಗೆ ಇಳಿಸಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತೇನೋ. ಲಾಕ್‌ಡೌನ್, ಚಂಡಮಾರುತ, ಯಾರು ಹೊಳೆಗೆ ಇಳೀತಾರೆ ಹೇಳಿ.

ಪಡನ್ನದ ಕಥೆಯೂ ಏರುತ್ತಲೇ ಹೋಗಲಿಲ್ಲ. 2010ರ ನಂತರ ಅಲ್ಲಿ ಬೆಳೆ ಇಳಿಯಿತು. ಮರಿಯ ಕೊರತೆ, ಹಗ್ಗದಲ್ಲೇ ಸಾಮೂಹಿಕ ಸಾವು ಎರಡೂ ಸೇರಿದವು. ಹಿನ್ನೀರಿನಲ್ಲಿ ಗಳಗಳು ಒತ್ತೊತ್ತಾಗಿ ನಿಂತರೆ ನೀರಿನ ಓಟ ನಿಧಾನ ಆಗುತ್ತದೆ. ಹೊರಗಿನ ಸಾಲಿನ ಪಚ್ಚಿಲೆ ಸೋಸಿ ಬಿಟ್ಟ ನೀರೇ ಒಳಗಿನ ಸಾಲಿಗೆ ಸಿಗೋದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದೇ ಸರ್ವರಿಗೆ ಇಡೀ ಊರು ಲಾಗಿನ್ ಆದ ಹಾಗೆ. ಗಲೀಸಿಯಾದಲ್ಲಿ ತೆಪ್ಪದ ಸಂಖ್ಯೆಗೆ ಮಿತಿ ಇಟ್ಟಿದ್ದಾರೆ. ನಮ್ಮಲ್ಲಿ ಯಾರ ಗಳ ಎಲ್ಲಿ ಅಂತ ಕೇಳುವವರೇ ಇಲ್ಲ. ಹೊಳೆ ಯಾರಪ್ಪನದ್ದು ಅನ್ನೋ ಜಗಳಕ್ಕೆ ಉತ್ತರ ಇಲ್ಲದೆ ಸಾಕಣೆ ದೊಡ್ಡದಾಗೋದು ಕಷ್ಟ ಅಂತ ನನಗನ್ನಿಸುತ್ತದೆ.

ಕರ್ನಾಟಕದಲ್ಲಿ ಸಿಎಂಎಫ್‌ಆರ್‌ಐಯ ಮಂಗಳೂರು ಕೇಂದ್ರದವರು ಶಾಂಭವಿ, ನಂದಿನಿ ಸೇರುವ ಮೂಲ್ಕಿ ಅಳಿವೆಯಲ್ಲಿ ಪ್ರಯೋಗ ಮಾಡಿದರು. ಆಮೇಲೆ ಉಡುಪಿ ಜಿಲ್ಲೆಯ ಅಳಿವೆಗಳಿಗೂ ಬಂತು, ಸೀತೆ ಸ್ವರ್ಣೆ ಸೇರುವ ನಮ್ಮ ಕಡೆಗೂ ಬಂತು. ಎಲ್ಲಾ ಕಡೆ ಪಂಚಾಂಗ ಒಂದೇ. ಮಳೆಗಾಲದಲ್ಲಿ ಮೊಟ್ಟೆಯೊಡೆದ ಮರಿ ಎರಡು ಮೂರು ವಾರ ನೀರಲ್ಲಿ ತೇಲಾಡಿ, ಬಂಡೆಗೆ ಅಂಟಿ, ನವೆಂಬರ್ ಹೊತ್ತಿಗೆ ಎರಡು ಸೆಂಟಿಮೀಟರ್ ಆಗುತ್ತದೆ. ಆಗ ಕಿತ್ತು ತಂದು ಹಗ್ಗಕ್ಕೆ ಕಟ್ಟಬೇಕು. ಮೊದಲೇ ಕಟ್ಟೋಣ ಅಂದರೆ ಮರಿ ಸಣ್ಣದು, ಜೊತೆಗೆ ಹಿಂಗಾರಿನಲ್ಲಿ ಹೊಳೆ ಇನ್ನೂ ಸಪ್ಪೆ. ತಡವಾಗಿ ಕೀಳೋಣ ಅಂದರೆ ಮುಂಗಾರು. ಡಿಸೆಂಬರ್‌ನಿಂದ ಮೇವರೆಗೆ ಆರು ತಿಂಗಳ ಕಿಂಡಿ, ಎರಡೂ ಕಡೆ ಮಳೆಯ ಗೋಡೆ. ಆ ಗೋಡೆಯೂ ನಿಂತಲ್ಲಿ ನಿಲ್ಲುತ್ತಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಜೂನ್ 1ಕ್ಕೆ ಕಾಯಲಿಲ್ಲ. 2021ರಲ್ಲಿ ಚಂಡಮಾರುತ ಮೇ ಮಧ್ಯದಲ್ಲೇ ಬಂತು. ಅಂದರೆ ಮೇ ತಿಂಗಳನ್ನು ನಂಬುವ ಹಾಗಿಲ್ಲ.

ಇಷ್ಟು ಗೊತ್ತಾದ ಮೇಲೆ ನಾನು ಎಕ್ಸೆಲ್ ತೆಗೆದೆ. ಡಿಸೆಂಬರ್ 1ಕ್ಕೆ ಎರಡೂವರೆ ಸೆಂಟಿಮೀಟರಿನ ಮರಿ, ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. ಏಪ್ರಿಲ್ 15ಕ್ಕೆ ಆರೂವರೆ, ಏಳು. ಅಷ್ಟಾದರೆ ಮಾರಬಹುದು. ಉಬ್ಬರದ ನೀರು ಚೆನ್ನಾಗಿ ತಲುಪುವಂತೆ ಅಳಿವೆಯ ಬಾಯಿಗೆ ಹತ್ತಿರ ಗಳ ಹಾಕಿ, ಹಗ್ಗದ ಮೇಲ್ತುದಿಯಲ್ಲಿ ಒಂದು ಮೊಳ ಖಾಲಿ ಬಿಡಿ, ಗಳದಿಂದ ಗಳಕ್ಕೆ ಜಾಗ ಬಿಡಿ, ಏಪ್ರಿಲ್ ಕೊನೆಗೆ ಒಂದೂ ಹಗ್ಗ ನೀರಲ್ಲಿರಬಾರದು, ರೇಟು ಎಷ್ಟೇ ಇರಲಿ. ಇದನ್ನೆಲ್ಲಾ ಬರೆದುಕೊಂಡು ಮುಂದಿನ ಭಾನುವಾರ ಚಿಕ್ಕಿಗೆ ಫೋನ್ ಮಾಡಿ, ಅರ್ಧ ಗಂಟೆ ಕೊರೆದೆ. ಫ್ರಾನ್ಸ್, ಸ್ಪೇನ್, ಕೊಡಗು ಏನೂ ಬಿಡಲಿಲ್ಲ.

ಚಿಕ್ಕಿ ಎಲ್ಲಾ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಅದ್ ನಮಗೂ ಗೊತ್ತಿತ್ತ್ ಮಗಾ. ಏಪ್ರಿಲಲ್ಲ್ ತೆಗೆದ್ರೆ ತಕಂಬ್ವರ್ ಯಾರ್ ಹೇಳ್?"

ನಾನು ಬರೆದ ಎಕ್ಸೆಲ್ಲಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ವಿಷಯ ಏನೆಂದರೆ, ಮೇ ತಿಂಗಳಿಗೆ ಪಚ್ಚಿಲೆ ಮೊಟ್ಟೆಗೆ ತಯಾರಾಗಿ ಮಾಂಸ ತುಂಬಿಕೊಂಡಿರುತ್ತದೆ. ಕೊಳ್ಳುವವರಿಗೂ ಅದೇ ಬೇಕು. ಏಪ್ರಿಲಿನ ಮಾಲನ್ನು ಸಣ್ಣದು ಅಂತ ಅರ್ಧ ರೇಟಿಗೆ ಕೇಳ್ತಾರಂತೆ. ಅವರು 2021ರಲ್ಲಿ ಕಾದಿದ್ದು ಬರೀ ಲಾಕ್‌ಡೌನ್ ಕಾರಣಕ್ಕಲ್ಲ, ಕಾದರೆ ಮಾಂಸ ತುಂಬುತ್ತೆ ಅಂತಲೂ ಹೌದು. ಮಳೆಗೂ ಮಾಂಸಕ್ಕೂ ನಡುವಿನ ಆ ಎರಡು ವಾರದ ಜೂಜನ್ನು ಆ ಹೆಂಗಸರು ನನಗಿಂತ ಚೆನ್ನಾಗಿ ತಿಳಿದಿದ್ದರು.

ಕೊನೆಗೆ ಗುಂಪಿನಲ್ಲಿ ಹೀಗೆ ಮಾತಾಗಿದೆ. ಈ ಸಲ ಹಿಂದಿನ ಅರ್ಧದಷ್ಟೇ ಹಗ್ಗ. ಸಾಲ ಇಲ್ಲ, ಕೈಯಲ್ಲಿದ್ದಷ್ಟೇ ಹಾಕೋದು. ಬಹುಪಾಲು ಹಗ್ಗ ಏಪ್ರಿಲಿನಲ್ಲೇ ಕೀಳೋದು, ಉಳಿದ ನಾಲ್ಕಾರನ್ನು ಕೆಳಗೆ ಇಳಿಸಿ ಮೇ ಹತ್ತರವರೆಗೆ ಕಾಯೋದು. ಏಪ್ರಿಲಿನ ಮಾಲಿಗೆ ಗಿರಾಕಿ ಹುಡುಕೋದು ನನ್ನ ಕೆಲಸವಂತೆ. ವಿಜಯನಗರ, ರಾಜಾಜಿನಗರದಲ್ಲಿ ಕರಾವಳಿ ಊಟದ ಹೋಟೆಲುಗಳು ಬೇಕಾದಷ್ಟಿವೆ. ಶನಿವಾರ ಎರಡು ಕಡೆ ಹೋಗಿ ಕೇಳಿಬಂದೆ. ಒಬ್ಬರು ಪಚ್ಚಿಲೆ ಬೆಂಗಳೂರಲ್ಲಿ ಓಡಲ್ಲ ಅಂದರು. ಇನ್ನೊಬ್ಬರು, ಕುಂದಾಪುರದವರೇ, ರಾತ್ರಿ ಬಸ್ಸಿಗೆ ಐಸ್ ಹಾಕಿ ಕಳಿಸಿದರೆ ವಾರಕ್ಕೆ ಇಪ್ಪತ್ತು ಕಿಲೋ ನೋಡೋಣ ಅಂದಿದ್ದಾರೆ.

ಡಿಸೆಂಬರ್ ಮೊದಲ ವಾರ ಹಗ್ಗ ಇಳಿಸ್ತಾರೆ. ಮೂರು ದಿನ ರಜೆ ಹಾಕಿದ್ದೇನೆ, ಮ್ಯಾನೇಜರ್ ಇನ್ನೂ ಅಪ್ರೂವ್ ಮಾಡಿಲ್ಲ.